ಪದಚರ್ಚೆ: ಲ್ಯಾಪ್ರೊಸ್ಕೋಪಿ ಆದಮೇಲಿನ ಬಸಿರಿನಲ್ಲಿ ಗರ್ಭಕೋಶ ‘ಒಡೆಯುವುದೋ’ ‘ಬಿರಿಯುವುದೋ’?

ಪ್ರಶ್ನೆ: ಫೈಬ್ರಾಯ್ಡ್ ಗಡ್ಡೆಯನ್ನು (ಗರ್ಭಕೋಶದಲ್ಲಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಡ್ಡೆ) ಲ್ಯಾಪ್ರೊಸ್ಕೋಪಿಯಲ್ಲಿ, ಅಂದರೆ ಹೊಟ್ಟೆಯ ಸಣ್ಣ ತೂತುಗಳಿಂದ ಕ್ಯಾಮೆರಾ, ಉಪಕರಣ ತೂರಿಸಿ, ತೆಗೆಸಿಕೊಂಡು ಆಮೇಲೆ ಬಸಿರಾಗುವವರಿಗೆ ಒಂದು ಮಾಹಿತಿ ಹಾಳೆ ತಯಾರಾಗುತ್ತಿದೆ. ಕರಡಿನಲ್ಲಿ ‘ಮಿನಿಮಲಿ ಇನ್ವೇಸಿವ್ ಸರ್ಜರಿ’ಗೆ ‘ಕನಿಷ್ಠ ಆಕ್ರಮಣಕಾರಿ ಶಸ್ತ್ರಚಿಕಿತ್ಸೆ’ ಎಂದೂ ‘ಯುಟರೈನ್ ರಪ್ಚರ್’ಗೆ ‘ಗರ್ಭಕೋಶ ಒಡೆಯುವುದು’ ಎಂದೂ ಇದೆ. ‘ಉದರದರ್ಶಕ ಶಸ್ತ್ರಚಿಕಿತ್ಸೆ’, ‘ಗರ್ಭಕೋಶ ಬಿರಿಯುವುದು’ ಎಂದರೆ ವಾಸಿಯೇ?

ಉತ್ತರ: ‘ಆಕ್ರಮಣಕಾರಿ’ ಬೇಡವೇ ಬೇಡ, ಅದು ದಂಡೆತ್ತಿ ಬರುವವರಿಗೆ ಸಲ್ಲುವ ಮಾತು. ‘ಉದರದರ್ಶಕ’ದ ತೊಡಕು ಬೇರೆ. ಈ ಪದವಾಗಲಿ ‘ಲ್ಯಾಪ್ರೊಸ್ಕೋಪಿಕ್ ಆಪರೇಷನ್’ ಆಗಲಿ ನಮ್ಮಲ್ಲಿ ಅನೇಕರಿಗೆ ಪರಿಚಯವಾದದ್ದು ಕುಟುಂಬ ಯೋಜನೆಯ ಮೂಲಕ. ‘ಉದರದರ್ಶಕದ ನಂತರದ ಬಸಿರು’ ಎಂದರೆ ಮಕ್ಕಳಾಗದಂತೆ ಮಾಡಿದ ಆಪರೇಷನ್ ಫೇಲಾಯಿತು ಎಂದುಕೊಳ್ಳುತ್ತಾರೆ. ‘ಗರ್ಭಕೋಶದ ಆಪರೇಷನ್’ ಎಂದರಂತೂ ಗರ್ಭಕೋಶವನ್ನೇ ತೆಗೆದದ್ದು ಎಂದು ತಿಳಿಯುತ್ತಾರೆ. ಹಾಗಾಗಿ ತೆಗೆದದ್ದು ಏನು ಎಂಬುದು ಹೆಸರಿನಲ್ಲೇ ಇರಲಿ: ‘ಸಣ್ಣ ತೂತುಗಳ ಮೂಲಕ ಗಡ್ಡೆ ತೆಗೆಯುವ ಆಪರೇಷನ್’.

ಇಲ್ಲಿ ‘ಸಣ್ಣ’ ಎಂಬುದು ತೂತಿಗೆ ಅಂಟಿಕೊಂಡಿರಬೇಕು, ಆಪರೇಷನ್‌ಗಲ್ಲ. ಹೊಟ್ಟೆಯ ಮೇಲಿನ ತೂತು 5ರಿಂದ 12 ಮಿ.ಮೀ. ಇರಬಹುದು. ಗಡ್ಡೆ ಗರ್ಭಕೋಶದ ಸ್ನಾಯುವಿನಲ್ಲಿ ಹುದುಗಿದ್ದರೆ ಒಳಗಿನ ಗಾಯ ಗಡ್ಡೆಯ ಗಾತ್ರಕ್ಕೆ ತಕ್ಕಂತೆ ದೊಡ್ಡದೇ. ಅದನ್ನು ಪದರ ಪದರವಾಗಿ ಹೊಲಿಯದಿದ್ದರೆ, ರಕ್ತ ನಿಲ್ಲಿಸಲು ವಿದ್ಯುತ್ತಿನಿಂದ ಅತಿಯಾಗಿ ಸುಟ್ಟಿದ್ದರೆ, ಹೊಲಿಗೆಯೊಳಗೆ ರಕ್ತ ಕಟ್ಟಿಕೊಂಡರೆ, ಮಾಯ್ದ ಜಾಗ ದುರ್ಬಲವಾಗಿಯೇ ಉಳಿಯಬಹುದು; ಬಸಿರಿನಲ್ಲಿ ಹರಿಯುವ ಭಯವಿರುವುದು ಅಲ್ಲೇ. ತೊಟ್ಟಿನಿಂದ ಹೊರಕ್ಕೆ ಜೋತ ಗಡ್ಡೆಯಲ್ಲಿ ಸ್ನಾಯುವಿಗೆ ಅಂಥ ಆಳದ ಗಾಯವಾಗುವುದಿಲ್ಲ. ಅಂಡಾಶಯದ ಸಿಸ್ಟ್ (ದ್ರವ ತುಂಬಿದ ಚೀಲ) ತೆಗೆದಿದ್ದರೆ ಗರ್ಭಕೋಶಕ್ಕೆ ಗಾಯವೇ ಇರುವುದಿಲ್ಲ, ಆ ಕಾರಣಕ್ಕಾಗಿ ಸಿಸೇರಿಯನ್ ಬೇಕಿಲ್ಲ. ‘ಲ್ಯಾಪ್ರೊಸ್ಕೋಪಿ ಆಗಿದೆ’ ಎಂದಷ್ಟೇ ಬರೆದರೆ ಈ ವ್ಯತ್ಯಾಸವೆಲ್ಲ ಅಳಿಸಿಹೋಗುತ್ತದೆ. ಗಡ್ಡೆ ಎಷ್ಟು ಆಳದಲ್ಲಿತ್ತು, ಗರ್ಭಕೋಶದ ಒಳಕುಹರ (ಮಗು ಬೆಳೆಯುವ ಟೊಳ್ಳು) ತೆರೆದುಕೊಂಡಿತ್ತೇ, ಎಷ್ಟು ಪದರ ಹೊಲಿದರು ಎಂಬ ವಿವರ ಆಪರೇಷನ್ ನೋಟ್ಸ್‌ನಲ್ಲಿರುತ್ತದೆ. ಡಿಸ್ಚಾರ್ಜ್ ಚೀಟಿಯ ಜೊತೆ ಅದರ ಪ್ರತಿಯನ್ನೂ ಕೇಳಿ ಇಟ್ಟುಕೊಳ್ಳಿ ಎಂದು ಹಾಳೆಯಲ್ಲಿ ಖಂಡಿತ ಸೇರಿಸಿ.

ಇನ್ನು ‘ಒಡೆಯುವುದು’. ಹೆರಿಗೆಯಲ್ಲಿ ‘ನೀರು ಒಡೆಯಿತು’ ದಿನನಿತ್ಯದ ಮಾತು. ಅದೇ ಕ್ರಿಯಾಪದವನ್ನು ಪ್ರಾಣಾಪಾಯಕ್ಕೂ ಬಳಸಿದರೆ ಓದುವವರು ಒಂದನ್ನು ಇನ್ನೊಂದೆಂದು ತಿಳಿದಾರು. ‘ಬಿರಿ’ಯಲ್ಲಿ ಮೊಗ್ಗು ಬಿರಿಯುವ ಚೆಲುವಿದೆ, ಇಲ್ಲಿಗೆ ಒಗ್ಗುವುದಿಲ್ಲ. ಬರೀ ‘ಹರಿಯುವುದು’ ಎಂದರೆ ನೀರು ಹರಿದಂತೆಯೂ ಆದೀತು. ‘ಗರ್ಭಕೋಶದ ಹಳೆಯ ಗಾಯದ ಜಾಗ ಹರಿದುಹೋಗುವುದು’ ಎಂಬುದಕ್ಕೆ ಮಾತ್ರ ಬೇರೆ ಅರ್ಥವಿಲ್ಲ. ಉದ್ದವಾದರೂ ಅದೇ ಇರಲಿ.

ಹೀಗೆ ಹರಿಯುವುದು ಅಪರೂಪ: ಗಡ್ಡೆ ತೆಗೆಸಿಕೊಂಡು ಬಸಿರಾದ ನೂರರಲ್ಲಿ ಒಬ್ಬರ ಆಸುಪಾಸು, ಅಥವಾ ಅದಕ್ಕೂ ಕಡಿಮೆ. ಆದರೆ ಕರಡಿನ ‘ಹೆರಿಗೆ ಸಮಯದ ಅಪಾಯ’ ತಪ್ಪು. ಹೆರಿಗೆ ನೋವು ಶುರುವಾಗುವ ಮೊದಲೇ, ಏಳೆಂಟನೇ ತಿಂಗಳಲ್ಲೂ ಹೀಗಾಗಬಹುದು. ಬಿಡದ ಹೊಟ್ಟೆನೋವು, ತಲೆ ಸುತ್ತಿ ಬೀಳುವಂತಾಗುವುದು, ಮಗುವಿನ ಅಲುಗಾಟ ಕಡಿಮೆಯಾಗುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ರಕ್ತ ಹೊಟ್ಟೆಯೊಳಗೇ ಸೋರಬಹುದಾದ್ದರಿಂದ ‘ರಕ್ತಸ್ರಾವವಾದರೆ ಬನ್ನಿ’ ಎಂದಷ್ಟೇ ಬರೆಯುವುದು ಸಾಲದು.

ಕೊನೆಯದಾಗಿ, ಆಳದ ಗಾಯವಿದ್ದವರಿಗೆ ಸಾಮಾನ್ಯವಾಗಿ ಸಿಸೇರಿಯನ್ ಗೊತ್ತುಮಾಡುವುದು 37 ವಾರ ತುಂಬಿದ ಮೇಲೆ, 39 ತುಂಬುವುದರೊಳಗೆ. ಕರಡಿನಲ್ಲಿ ‘37ನೇ ವಾರದಲ್ಲಿ’ ಎಂದಿದೆ. ಕನ್ನಡದ ಎಣಿಕೆಯಲ್ಲಿ 37ನೇ ವಾರ ನಡೆಯುತ್ತಿದೆ ಎಂದರೆ ತುಂಬಿರುವುದು 36 ಮಾತ್ರ. ‘37 ವಾರ ತುಂಬಿದ ಮೇಲೆ’ ಎಂದೇ ತಿದ್ದಿ.