ಲಂಡನ್‌ಗೆ ಹೋಗಲು ಐದೂವರೆ ಗಂಟೆ, ಬರಲು ಹದಿನೈದೂಕಾಲು?

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ): ಡಿಸೆಂಬರ್‌ನಲ್ಲಿ ಮಗಳ ಬಾಣಂತನಕ್ಕೆ ಲಂಡನ್‌ಗೆ ಹೊರಟಿದ್ದೇನೆ. ಅಳಿಯ ಟಿಕೆಟ್ ಕಳಿಸಿದ್ದಾರೆ. ಮಧ್ಯಾಹ್ನ 1.30ಕ್ಕೆ ಬೆಂಗಳೂರು ಬಿಟ್ಟರೆ ಅದೇ ಸಂಜೆ 7ಕ್ಕೆ ಲಂಡನ್. ಫೆಬ್ರವರಿ ಕೊನೆಗೆ ವಾಪಸ್: ರಾತ್ರಿ 9ಕ್ಕೆ ಬಿಟ್ಟರೆ ಮರುದಿನ ಮಧ್ಯಾಹ್ನ 12.15ಕ್ಕೆ ಬೆಂಗಳೂರು. ಎರಡೂ ನೇರ ವಿಮಾನ, ಅದೇ ದಾರಿ ಅಲ್ವಾ? ತಮ್ಮನ ಮಗ ಬೇರೆ, ದೂರ 8,000 ಕಿ.ಮೀ., ವೇಗ 900, ಒಂಬತ್ತು ಗಂಟೆಯೂ ಬೇಡ ಅಂತಾನೆ. ಯಾವುದನ್ನು ನಂಬಲಿ?

ಉತ್ತರ (ಫ್ಲೈಟ್ ಡಿಸ್ಪ್ಯಾಚರ್): ವಿಮಾನದ ದಾರಿ, ಇಂಧನದ ಲೆಕ್ಕ ಹಾಕುವುದೇ ನನ್ನ ಕೆಲಸ, ಹೇಳ್ತೀನಿ. ಟಿಕೆಟ್‌ನಲ್ಲಿರುವುದು ಆಯಾ ಊರಿನ ಗಡಿಯಾರದ ಸಮಯ. ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದೆ. ಹೋಗುವಾಗ ಅದನ್ನು ಕೂಡಿಸಿ, 11 ಗಂಟೆ. ಬರುವಾಗ ಕಳೆಯಿರಿ, ಒಂಬತ್ತೂಮುಕ್ಕಾಲು. ವಾಪಸ್ ಬರುವುದು ಮಾರ್ಚ್ ಕೊನೆಯ ಭಾನುವಾರದಾಚೆಗೆ ಹೋದರೆ ಮಾತ್ರ ನಾಲ್ಕೂವರೆ ಹಿಡಿಯಿರಿ, ಅಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಇಡುತ್ತಾರೆ.

ಉಳಿದ ಒಂದೂಕಾಲು ಗಂಟೆ ಗಾಳಿಯದ್ದು. ಹತ್ತು–ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಬೀಸುತ್ತದೆ. ಚಳಿಗಾಲದಲ್ಲಿ ಅದು ಗಂಟೆಗೆ 150–200 ಕಿ.ಮೀ. ಮುಟ್ಟುವುದು ಸಾಮಾನ್ಯ. ತಮ್ಮನ ಮಗನ 900 ಇದೆಯಲ್ಲ, ಅದು ಗಾಳಿಯೊಳಗಿನ ವೇಗ. ಎದುರುಗಾಳಿ 100 ಇದ್ದರೆ ನೆಲದ ಲೆಕ್ಕದಲ್ಲಿ 800 ಮಾತ್ರ. ಅಲ್ಲಿಗೇ ಹತ್ತು ಗಂಟೆ ಆಯಿತು. ಬರುವಾಗ ಅದೇ ಗಾಳಿ ಬೆನ್ನಿಗೆ. 2020ರ ಫೆಬ್ರವರಿಯಲ್ಲಿ ಬ್ರಿಟಿಷ್ ಏರ್‌ವೇಸ್‌ನ ಒಂದು 747 ಹೀಗೇ ಬಿರುಗಾಳಿ ಬೆನ್ನಿಗಿಟ್ಟುಕೊಂಡು ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂದಿಳಿದಿತ್ತು!

ಇನ್ನೊಂದು, ಟಿಕೆಟ್ ಸಮಯ ಗೇಟಿನಿಂದ ಗೇಟಿಗೆ. ರನ್‌ವೇಗೆ ಹೋಗುವುದು, ಹೀಥ್ರೂ ಮೇಲೆ ಸರದಿಗಾಗಿ ಸುತ್ತು ಹಾಕುವುದು ಎಲ್ಲಾ ಅದರಲ್ಲೇ. ದಾರಿಯೂ ಗೆರೆ ಎಳೆದಂತೆ ಇರಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿದಾಗ ನಮ್ಮ ಕಂಪನಿಗಳು ಅರಬ್ಬಿ ಸಮುದ್ರದ ಮೇಲಿಂದ ಸುತ್ತಬೇಕಾಯಿತು. ದೆಹಲಿಯವರಿಗೆ ಬಿದ್ದಷ್ಟು ಪೆಟ್ಟು ಬೆಂಗಳೂರಿಗೆ ಬೀಳಲಿಲ್ಲ, ಅಷ್ಟೇ.

ಪ್ರಶ್ನೆ (ಅದೇ ಸದಸ್ಯೆ): ತಿಳೀತು ಸರ್. ಅವತ್ತೇ ಬೆಳಿಗ್ಗೆ ಗೋಕುಲ ರೋಡಿನ ವಿಮಾನ ನಿಲ್ದಾಣದಿಂದ ಹೊರಟರೆ ನಡೆಯುತ್ತಾ?

ಉತ್ತರ: ಹುಬ್ಬಳ್ಳಿ–ಬೆಂಗಳೂರು ಗಾಳಿಯಲ್ಲಿ ಸುಮಾರು 370 ಕಿ.ಮೀ., ಒಂದು ಗಂಟೆ ಚಿಲ್ಲರೆ. ಸಮಯ ಹೊಂದಿದರೂ ನಾನಂತೂ ಬೇಡ ಅಂತೀನಿ. 10.30ಕ್ಕೆಲ್ಲ ನೀವು ಕೌಂಟರ್ ಮುಂದೆ ಇರಬೇಕು. ಡಿಸೆಂಬರ್ ಬೆಳಿಗ್ಗೆ ದೇವನಹಳ್ಳಿಯಲ್ಲಿ ಮಂಜು ಬಿದ್ದರೆ ವಿಮಾನ ತಡವಾಗುತ್ತದೆ. ಅಳಿಯ ಎರಡೂ ಟಿಕೆಟ್ ಬೇರೆ ಬೇರೆ ತೆಗೆಸಿದ್ದರೆ ಬ್ಯಾಗ್ ನೀವೇ ಇಳಿಸಿಕೊಂಡು ಮತ್ತೆ ಕೊಡಬೇಕು, ಲಂಡನ್ ವಿಮಾನ ತಪ್ಪಿದರೆ ಆ ಕಂಪನಿ ಸಾಮಾನ್ಯವಾಗಿ ಹೊಣೆ ಹೊರುವುದಿಲ್ಲ. ಒಂದೇ ಬುಕಿಂಗ್‌ನಲ್ಲಿದ್ದರೆ ಆ ಚಿಂತೆ ಕಡಿಮೆ, ಮೊದಲು ಅದನ್ನು ಕೇಳಿ. ಇಲ್ಲದಿದ್ದರೆ ಹಿಂದಿನ ದಿನವೇ ರೈಲು ಹತ್ತಿ. ಮೆಜೆಸ್ಟಿಕ್‌ನಿಂದ ವಿಮಾನ ನಿಲ್ದಾಣಕ್ಕೆ ಇನ್ನೂ 35 ಕಿ.ಮೀ. ಇದೆ, ಬೆಂಗಳೂರಿನ ಟ್ರಾಫಿಕ್‌ಗೆ ಎರಡು ಗಂಟೆ ಇಟ್ಟುಕೊಳ್ಳಿ.