ಅಕ್ಕನ ಮಗ ಕೆಂಪು ದೀಪ ದಾಟಿದ್ದಕ್ಕೆ ನನ್ನ ಹೆಸರಿಗೆ ನೋಟಿಸು: 500 ರೂಪಾಯಿ ಕಟ್ಟಿದರೆ ಮುಗಿಯುತ್ತದೆಯೇ?

ಕಲ್ಪತರು ನಾಡಿನವ

ಎಲ್ಲರಿಗೂ ನಮಸ್ಕಾರ. ನಾನಿರುವುದು ತುಮಕೂರಿನಲ್ಲಿ. ನನ್ನ ಹೆಸರಿನಲ್ಲಿರುವ ಸ್ಕೂಟರನ್ನು ಬೆಂಗಳೂರಿನಲ್ಲಿ ಓದುತ್ತಿರುವ ನಮ್ಮ ಅಕ್ಕನ ಮಗ ಎರಡು ವರ್ಷದಿಂದ ಓಡಿಸುತ್ತಿದ್ದಾನೆ. ಅವನಿಗೆ ಇಪ್ಪತ್ತು ತುಂಬಿದೆ, ಡಿಎಲ್ ಕೂಡ ಇದೆ. ಕಳೆದ ವಾರ ನನ್ನ ಮೊಬೈಲಿಗೆ ಸಿಗ್ನಲ್ ಜಂಪ್ ಮಾಡಿದ್ದಕ್ಕೆ 500 ರೂಪಾಯಿ ದಂಡ ಎಂಬ ಸಂದೇಶ ಬಂದಿತು. ಅದರೊಂದಿಗೆ ಎರಡು ಚಿತ್ರಗಳಿದ್ದವು. ಮೊದಲನೆಯದರಲ್ಲಿ ಸ್ಕೂಟರಿನ ಮುಂದಿನ ಚಕ್ರ ನಿಲುಗಡೆ ಗೆರೆಯ ಮೇಲಿದೆ, ಎದುರಿಗೆ ಕೆಂಪು ದೀಪ ಉರಿಯುತ್ತಿದೆ. ಎರಡನೆಯದರಲ್ಲಿ ಸ್ಕೂಟರು ಕೂಡುರಸ್ತೆಯ ನಟ್ಟನಡುವೆ ಇದೆ, ಸವಾರನ ಬೆನ್ನಿನಲ್ಲಿ ಹೋದ ದೀಪಾವಳಿಗೆ ನಾನೇ ಕೊಡಿಸಿದ ನೀಲಿ ಚೀಲವಿದೆ. ಆದ್ದರಿಂದ ಗಾಡಿ ಓಡಿಸಿದವರು ಯಾರು ಎಂಬ ವಿಚಾರದಲ್ಲಿ ಚರ್ಚೆಯಿಲ್ಲ. ಅವನು ಮಾತ್ರ "ಹಳದಿ ಇತ್ತು ಮಾವ" ಎನ್ನುತ್ತಿದ್ದಾನೆ.

ತಪ್ಪು ಯಾರ ತಲೆಗೆ ಬರುತ್ತದೆ, ದಂಡ ಕಟ್ಟಿದರೆ ಪ್ರಕರಣ ಪೂರ್ತಿ ಮುಗಿಯುತ್ತದೆಯೇ, ಅವನ ಡಿಎಲ್‌ಗಾಗಲಿ ಮುಂದಿನ ವರ್ಷ ಮಾಡಿಸಬೇಕಿರುವ ಪಾಸ್‌ಪೋರ್ಟಿಗಾಗಲಿ ತೊಂದರೆಯಾಗುತ್ತದೆಯೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಿ. ಭಾವನವರು, "ಅರ್ಧ ರಿಯಾಯಿತಿ ಬಿಟ್ಟಾಗ ಕಟ್ಟಿದರಾಯಿತು" ಎನ್ನುತ್ತಿದ್ದಾರೆ.

ಕರಿಕೋಟು

ಮೊದಲು ನೋಟಿಸಿನಲ್ಲಿ ಯಾವ ಕಲಂ ನಮೂದಾಗಿದೆ ಎಂಬುದನ್ನು ನೋಡಿ. ಮೊತ್ತಕ್ಕಿಂತ ಅದೇ ಮುಖ್ಯ. ಮೋಟಾರು ವಾಹನ ಕಾಯ್ದೆಯ 119ನೆಯ ಕಲಂ ಸಂಚಾರ ಸಂಕೇತಗಳನ್ನು ಪಾಲಿಸಬೇಕೆನ್ನುತ್ತದೆ. ಅದನ್ನು ಮೀರಿದರೆ 177ನೆಯ ಕಲಮಿನ ಪ್ರಕಾರ ಮೊದಲ ಬಾರಿಗೆ 500 ರೂಪಾಯಿವರೆಗೆ, ಮತ್ತೆ ಮಾಡಿದರೆ 1,500 ರೂಪಾಯಿವರೆಗೆ ದಂಡವಿದೆ. ಆದರೆ 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಕೆಂಪು ದೀಪ ದಾಟುವುದನ್ನು 184ನೆಯ ಕಲಮಿನ ವಿವರಣೆಯಲ್ಲಿ, ಅಂದರೆ ಅಪಾಯಕಾರಿ ಚಾಲನೆಯ ಪಟ್ಟಿಯಲ್ಲಿಯೂ ಸೇರಿಸಿತು. ಅಲ್ಲಿ ಮೊದಲ ಅಪರಾಧಕ್ಕೇ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೆ 1,000 ದಿಂದ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದು. ಮೂರು ವರ್ಷದೊಳಗೆ ಮರುಕಳಿಸಿದರೆ ಸೆರೆವಾಸ ಎರಡು ವರ್ಷದವರೆಗೆ, ದಂಡ 10,000 ರೂಪಾಯಿ. ಒಂದೇ ಕೃತ್ಯಕ್ಕೆ ಹೀಗೆ ಎರಡು ದಾರಿಗಳಿವೆ. ನಿಮಗೆ ಬಂದಿರುವ 500ರ ಮೊತ್ತವನ್ನು ನೋಡಿದರೆ ಹಗುರವಾದ ದಾರಿಯೇ ಇರಬೇಕು, ಆದರೂ ಕಣ್ಣಾರೆ ಓದಿಕೊಳ್ಳಿ.

ಸ್ಥಳದಲ್ಲಿ ತಡೆಯದೆ ಕ್ಯಾಮೆರಾ ಹಿಡಿದ ಪ್ರಕರಣವಾದ್ದರಿಂದ ನೋಟಿಸು ಆರ್‌ಸಿಯಲ್ಲಿರುವ ಹೆಸರಿಗೇ ಬರುತ್ತದೆ. ಗಾಡಿ ಓಡಿಸುತ್ತಿದ್ದವರು ಯಾರೆಂದು ಪೊಲೀಸರು ಕೇಳಿದರೆ ಹೆಸರು, ವಿಳಾಸ ಮತ್ತು ಡಿಎಲ್ ವಿವರ ಕೊಡಬೇಕಾದ್ದು 133ನೆಯ ಕಲಮಿನಂತೆ ಮಾಲೀಕನ ಕರ್ತವ್ಯ. ಬೇಕೆಂದೇ ಮುಚ್ಚಿಟ್ಟರೆ ಅದಕ್ಕೆ ಬೇರೆಯೇ ದಂಡವಿದೆ. ಇನ್ನೊಂದು ಮಾತು: ಕೇಂದ್ರ ಮೋಟಾರು ವಾಹನ ನಿಯಮಗಳ 167ಎ ನಿಯಮದ ಪ್ರಕಾರ ಇಂಥ ನೋಟಿಸು ಘಟನೆ ನಡೆದ 15 ದಿನದೊಳಗೆ ಹೊರಡಬೇಕು, ಅದರಲ್ಲಿ ನಂಬರ್ ಪ್ಲೇಟು ಕಾಣುವ ಚಿತ್ರ, ದಿನಾಂಕ, ಸಮಯ, ಸ್ಥಳ ಮತ್ತು ಮೀರಿದ ಕಲಂ ಇರಬೇಕು. ಇವುಗಳಲ್ಲಿ ಏನಾದರೂ ಕೊರತೆಯಿದ್ದರೆ ಲಿಖಿತವಾಗಿ ಆಕ್ಷೇಪಿಸಬಹುದು. ನಿಮ್ಮ ಚಿತ್ರಗಳ ವಿವರಣೆ ಓದಿದ ಮೇಲೆ ಆಕ್ಷೇಪಣೆಗೆ ಜಾಗ ಕಾಣುತ್ತಿಲ್ಲ. ಗೆರೆ ದಾಟುವ ಮೊದಲೇ ಕೆಂಪು ಬಿದ್ದಿದೆ. ಹಳದಿಯ ವಾದ ನಿಲ್ಲುವುದು ದೀಪ ಬದಲಾದಾಗ ಗಾಡಿ ಗೆರೆಗೆ ತೀರ ಹತ್ತಿರವಿದ್ದು, ತಟ್ಟನೆ ನಿಲ್ಲಿಸಿದರೆ ಅಪಘಾತವಾಗುವಂತಿದ್ದಾಗ ಮಾತ್ರ.

ದಂಡ ಕಟ್ಟುವುದೆಂದರೆ 200ನೆಯ ಕಲಮಿನಂತೆ ರಾಜಿಯಾಗುವುದು. ಆಮೇಲೆ ಅದೇ ಅಪರಾಧಕ್ಕೆ ನ್ಯಾಯಾಲಯದಲ್ಲಿ ಮೊಕದ್ದಮೆ ನಡೆಯುವುದಿಲ್ಲ. ಪಾಸ್‌ಪೋರ್ಟಿಗೆ ತೊಡಕಾಗುವುದು ಕ್ರಿಮಿನಲ್ ನ್ಯಾಯಾಲಯದಲ್ಲಿ ಬಾಕಿಯಿರುವ ಪ್ರಕರಣವೇ ಹೊರತು ರಾಜಿಯಾಗಿ ಮುಗಿದದ್ದಲ್ಲ. ಆದರೆ 2019ರ ತಿದ್ದುಪಡಿ ಈ ಕಲಮಿಗೂ ಒಂದು ಬಾಲವನ್ನು ಸೇರಿಸಿದೆ: ರಾಜಿಯಾದ ಅಪರಾಧವನ್ನೂ ಹಿಂದಿನ ಅಪರಾಧವೆಂದೇ ಎಣಿಸಬೇಕು. "ಕಟ್ಟಿದೆ, ಅಳಿಸಿಹೋಯಿತು" ಎಂದುಕೊಳ್ಳುವವರು ಇದನ್ನು ಮರೆಯುತ್ತಾರೆ.

ಹೆದ್ದಾರಿ ಹಕ್ಕಿ

ವಕೀಲರು ಡಿಎಲ್ ವಿಷಯ ಬಿಟ್ಟಿದ್ದಾರೆ, ಅದನ್ನು ನಾನು ಅನುಭವಿಸಿದವನಾದ್ದರಿಂದ ಬರೆಯುತ್ತಿದ್ದೇನೆ. ನಾನು ಲಾರಿ ಚಾಲಕ. ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿಯು 2015ರಲ್ಲಿ ಕೆಂಪು ದೀಪ ದಾಟುವುದು, ಅತಿವೇಗ, ಕುಡಿದು ಓಡಿಸುವುದು, ಚಾಲನೆಯಲ್ಲಿ ಮೊಬೈಲು ಬಳಸುವುದು ಮುಂತಾದವಕ್ಕೆ ಕನಿಷ್ಠ ಮೂರು ತಿಂಗಳು ಡಿಎಲ್ ಅಮಾನತು ಮಾಡಬೇಕೆಂದು ರಾಜ್ಯಗಳಿಗೆ ಸೂಚಿಸಿತ್ತು. ಅದರ ಮಾರನೆಯ ವರ್ಷವೇ, ಬೆಳಗಿನ ಜಾವ ರಸ್ತೆ ಖಾಲಿಯಿದೆಯೆಂದು ನಾನು ಒಂದು ಸಿಗ್ನಲ್ ದಾಟಿದೆ. ಪೊಲೀಸರು ಡಿಎಲ್ ತೆಗೆದುಕೊಂಡು ಸಾರಿಗೆ ಕಚೇರಿಗೆ ಕಳುಹಿಸಿದರು. ಅಲ್ಲಿಂದ ಕಾರಣ ಕೇಳಿ ಬಂದ ಪತ್ರಕ್ಕೆ, ಬಾಡಿಗೆಯ ಮೇಲೆ ಮಹಾರಾಷ್ಟ್ರಕ್ಕೆ ಹೋಗಿದ್ದ ನಾನು ಉತ್ತರ ಕೊಡಲಿಲ್ಲ. ದಂಡದ ಹಣ ನೆನಪಿಲ್ಲ, ಮನೆಯಲ್ಲಿ ಕೂತ ಮೂರು ತಿಂಗಳು ಮಾತ್ರ ಚೆನ್ನಾಗಿ ನೆನಪಿದೆ.

ಕರಿಕೋಟು

ಹೆದ್ದಾರಿ ಹಕ್ಕಿಯವರು ಹೇಳಿದ್ದು ಸರಿ. ಅಪಾಯಕಾರಿ ಚಾಲನೆಯೆಂದು ದಾಖಲಾದರೆ 206ನೆಯ ಕಲಮಿನಂತೆ ಡಿಎಲ್ ವಶಪಡಿಸಿಕೊಂಡು ಪ್ರಾಧಿಕಾರಕ್ಕೆ ಕಳುಹಿಸಬೇಕು, ದಂಡ ಕಟ್ಟಿದ ಮಾತ್ರಕ್ಕೆ ಆ ಕ್ರಮ ತಪ್ಪುವುದಿಲ್ಲ. ಆದರೆ 19ನೆಯ ಕಲಂ ಚಾಲಕನ ಅಹವಾಲು ಕೇಳದೆ, ಕಾರಣವನ್ನು ಬರೆಯದೆ ಅಮಾನತು ಮಾಡುವಂತಿಲ್ಲವೆನ್ನುತ್ತದೆ. ಆದೇಶ ಕೈಸೇರಿದ 30 ದಿನದೊಳಗೆ ಮೇಲ್ಮನವಿಗೂ ಅವಕಾಶವಿದೆ. ಆದ್ದರಿಂದ ಅಂಥ ಪತ್ರ ಬಂದರೆ ಉತ್ತರ ಕೊಡದೆ ಇರಬಾರದು.

ರಿಯಾಯಿತಿಯ ಬಗ್ಗೆ: ಬೆಂಗಳೂರಿನಲ್ಲಿ 2023ರ ಫೆಬ್ರವರಿಯಲ್ಲಿ, ಮತ್ತೆ 2025ರ ಆಗಸ್ಟ್–ಸೆಪ್ಟೆಂಬರಿನಲ್ಲಿ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟಿದ್ದು ನಿಜ. ಅದು ಸರ್ಕಾರ ಆಗೀಗ ಕೊಡುವ ಸವಲತ್ತು, ಹಕ್ಕಲ್ಲ. 250 ರೂಪಾಯಿ ಉಳಿಸಲು ಹೋಗಿ ಪ್ರಕರಣವನ್ನು ನ್ಯಾಯಾಲಯದವರೆಗೆ ಬೆಳೆಸಿಕೊಳ್ಳುವುದು ನನಗಂತೂ ಜಾಣತನವೆನಿಸುವುದಿಲ್ಲ.

ನೀವು ಕೇಳದಿದ್ದರೂ, ಮಾಲೀಕರಾದ ನೀವು ತಿಳಿದಿರಬೇಕಾದ ಸಂಗತಿಯೊಂದಿದೆ. ಅದೇ ಸಿಗ್ನಲಿನಲ್ಲಿ ಯಾರಿಗಾದರೂ ಡಿಕ್ಕಿಯಾಗಿದ್ದರೆ ವಿಷಯ ಮೋಟಾರು ವಾಹನ ಕಾಯ್ದೆಯನ್ನು ದಾಟಿ ಭಾರತೀಯ ನ್ಯಾಯ ಸಂಹಿತೆಗೆ ಹೋಗುತ್ತಿತ್ತು: 281ನೆಯ ಕಲಮಿನಂತೆ ದುಡುಕಿನ ಚಾಲನೆ, ಗಾಯವಾದರೆ 125, ಸಾವಾದರೆ 106, ಇದರಲ್ಲಿ ಐದು ವರ್ಷದವರೆಗೆ ಸೆರೆವಾಸವಿದೆ. ಆ ಶಿಕ್ಷೆ ಓಡಿಸಿದವನಿಗೆ. ಆದರೆ ಗಾಯಾಳುವಿನ ಕಡೆಯವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋದಾಗ ಚಾಲಕ ಮತ್ತು ವಿಮಾ ಕಂಪನಿಯ ಜೊತೆಗೆ ಆರ್‌ಸಿಯಲ್ಲಿರುವ ಮಾಲೀಕನನ್ನೂ ಪ್ರತಿವಾದಿಯಾಗಿ ಮಾಡುತ್ತಾರೆ. ಕೆಂಪು ದೀಪ ದಾಟಿದನೆಂಬ ಕಾರಣಕ್ಕೆ ವಿಮಾ ಕಂಪನಿಯು ಮೂರನೆಯವರಿಗೆ ಪರಿಹಾರ ನಿರಾಕರಿಸಲಾಗದು. ವಿಮೆಯೇ ಇಲ್ಲದಿದ್ದರೆ ಮಾತ್ರ ಆ ಹೊರೆ ನಿಮ್ಮಿಬ್ಬರ ಮೇಲೆಯೇ ಬೀಳುತ್ತದೆ.

ಕಲ್ಪತರು ನಾಡಿನವ

ಇಬ್ಬರಿಗೂ ಧನ್ಯವಾದ. ನೋಟಿಸನ್ನು ದೊಡ್ಡದು ಮಾಡಿ ಓದಿದೆ, ಅದರಲ್ಲಿರುವುದು 119 ಮತ್ತು 177. ಘಟನೆ ನಡೆದ ಆರನೆಯ ದಿನಕ್ಕೇ ಹೊರಟಿದೆ. ಚಿತ್ರವನ್ನು ಅವನಿಗೆ ಕಳುಹಿಸಿ ಗೆರೆಯನ್ನೂ ದೀಪವನ್ನೂ ತೋರಿಸಿದ ಮೇಲೆ ಹಳದಿಯ ಮಾತು ನಿಂತಿತು. ನಿನ್ನೆ ಸಂಜೆ ಅವನೇ ತನ್ನ ಕೈಖರ್ಚಿನ ದುಡ್ಡಿನಲ್ಲಿ ಕಟ್ಟಿ ರಸೀದಿ ಕಳುಹಿಸಿದ್ದಾನೆ. ವಿಮೆಯ ಕಾಗದವನ್ನೂ ಬೀರುವಿನಿಂದ ತೆಗೆದು ನೋಡಿದೆ. ಅದರ ಅವಧಿ ಮುಗಿದು ಹನ್ನೊಂದು ದಿನವಾಗಿತ್ತು. ಹೊಸದನ್ನು ಮಾಡಿಸುವವರೆಗೆ ಸ್ಕೂಟರನ್ನು ಹಾಸ್ಟೆಲಿನಿಂದ ಹೊರಗೆ ತೆಗೆಯಬೇಡವೆಂದು ಹೇಳಿದ್ದೇನೆ.