‘ಹೆಪ್ಪು’ ಹಾಕಿ ಕೆಟ್ಟೆ: ದೋಣಿಯ ಹಿಂಜಗಲಿಗೆ ಕೆಲವು ಪದಗಳು ಬೇಕು

ಎಲ್ಲರಿಗೂ ನಮಸ್ಕಾರ.

ಕೆಲವು ಪದಗಳನ್ನು ಕೇಳೋಣ ಅಂತ ಬರೆಯುತ್ತಿದ್ದೇನೆ. ವಿಷಯ ಸ್ವಲ್ಪ ವಿಚಿತ್ರ ಅನ್ನಿಸಬಹುದು. ನಾನಿರುವುದು ಅಮೆರಿಕದ ಮಿನ್ನೆಸೋಟದಲ್ಲಿ, ಮಿನ್ನೆಟೊಂಕ ಕೆರೆಯ ಹತ್ತಿರ. 10 ಎಕರೆಗಿಂತ ದೊಡ್ಡ ಕೆರೆಗಳೇ ಈ ರಾಜ್ಯದಲ್ಲಿ 11,842 ಇವೆ. ಮನೆ ಮುಂದೆ ಕಾರು ನಿಂತ ಹಾಗೆ ಇಲ್ಲಿ ದೋಣಿ ನಿಂತಿರುತ್ತದೆ. ಎರಡು ವರ್ಷದ ಹಿಂದೆ ನಾನೂ ಒಂದು ಹಳೇ ಫೈಬರ್‌ಗ್ಲಾಸ್ ದೋಣಿ ತಗೊಂಡೆ. ಅದರ ಹಿಂಬದಿಗೆ, ನೀರಿಗಿಂತ ಒಂದು ಗೇಣು ಮೇಲೆ, ಹಲಗೆಯಂಥದ್ದೊಂದು ಚಾಚಿಕೊಂಡಿದೆ. ಈಜುವವರು ಅಲ್ಲಿಂದ ನೀರಿಗಿಳಿದು, ಏಣಿ ಹಿಡಿದು ಮತ್ತೆ ಅಲ್ಲಿಗೇ ಹತ್ತುತ್ತಾರೆ. ಅದು ಒಳಗೊಳಗೇ ಹಾಳಾಗಿತ್ತು. ಈ ಚಳಿಗಾಲ ಪೂರ್ತಿ ಗರಾಜಿನಲ್ಲಿ ಕೂತು ಅದನ್ನು ಬಿಚ್ಚಿ, ಹೊಸದಾಗಿ ಕಟ್ಟಿ, 20 ಇಂಚು ಇದ್ದದ್ದನ್ನು 32 ಇಂಚಿಗೆ ಚಾಚಿದೆ.

ಇಲ್ಲಿನ ಕನ್ನಡ ಕೂಟದವರು ಸ್ಮರಣ ಸಂಚಿಕೆಗೆ ಅದನ್ನೇ ಬರೆದುಕೊಡಿ ಅಂದರು. ಆಯ್ತು ಅಂದೆ. ಬರೆಯೋಕೆ ಕೂತರೆ ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡೆ. ಈ ಹಲಗೆಗೆ ಏನನ್ನಬೇಕು?

ಇಂಗ್ಲಿಷಿನವರಿಗೇ ಇದರಲ್ಲಿ ಒಮ್ಮತ ಇಲ್ಲ. ಸ್ವಿಮ್ ಪ್ಲಾಟ್‌ಫಾರ್ಮ್ ಅನ್ನುವವರಿದ್ದಾರೆ, ಸ್ವಿಮ್ ಡೆಕ್ ಅನ್ನುವವರಿದ್ದಾರೆ, ಸ್ವಿಮ್ ಸ್ಟೆಪ್ ಅನ್ನುವವರೂ ಇದ್ದಾರೆ. ಒಂದೇ ವಸ್ತು ಒಬ್ಬರಿಗೆ ಕಟ್ಟೆ, ಇನ್ನೊಬ್ಬರಿಗೆ ಅಟ್ಟ, ಮತ್ತೊಬ್ಬರಿಗೆ ಮೆಟ್ಟಿಲು. ನನಗೆ ಮೊದಲು ಹೊಳೆದದ್ದು ‘ಈಜು ವೇದಿಕೆ’. ಬರೆದು ನೋಡಿದೆ, ನಗು ಬಂತು. ವೇದಿಕೆ ಅಂದ ಕೂಡಲೇ ಹಾರ, ಶಾಲು, ಮೈಕು ಕಣ್ಣ ಮುಂದೆ ಬರುತ್ತವೆ. ಒದ್ದೆ ಚಡ್ಡಿಯಲ್ಲಿ ಕೂರುವ ಜಾಗಕ್ಕೆ ಅದು ಒಗ್ಗಲ್ಲ. ‘ಈಜುಗಟ್ಟೆ’ ಅನ್ನಬಹುದಾ? ಮಳೆ, ಕಾಲ ಸೇರಿ ಮಳೆಗಾಲ ಆದ ಲೆಕ್ಕದಲ್ಲಿ ಅದು ಸರಿ. ಆದರೆ ಈಜುಕೊಳವನ್ನು ನಾವು ಯಾರೂ ಈಜುಗೊಳ ಅನ್ನಲಿಲ್ಲ, ಹಾಗಾಗಿ ಈಜುಗಟ್ಟೆ ಕಿವಿಗೆ ಯಾಕೋ ಕೂರುತ್ತಿಲ್ಲ. ಅದೂ ಅಲ್ಲದೆ ಕಟ್ಟೆ ಅಂದರೆ ನೆಲಕ್ಕೆ ಊರಿದ್ದು, ಅಶ್ವತ್ಥಕಟ್ಟೆಯ ಹಾಗೆ. ಇದು ನೀರಿನ ಮೇಲೆ ಗಾಳಿಯಲ್ಲಿ ಚಾಚಿದ್ದು. ಸ್ನಾನಘಟ್ಟದ ಯೋಚನೆಯೂ ಬಂತು. ಅಷ್ಟು ಪುಣ್ಯ ನಮ್ಮ ದೋಣಿಗೆ ಬೇಡ ಅಂತ ಬಿಟ್ಟೆ.

ಕೊನೆಗೆ ನನಗೆ ಹಿಡಿಸಿದ್ದು ‘ಹಿಂಜಗಲಿ’. ಯಾಕೆಂದರೆ ಅಲ್ಲಿ ನಿಜವಾಗಿ ಈಜುವವರಿಗಿಂತ ಸುಮ್ನೆ ಕೂರುವವರೇ ಜಾಸ್ತಿ. ಕಾಲು ನೀರಿಗೆ ಇಳಿಬಿಟ್ಟು, ಕೈಯಲ್ಲಿ ಚುರುಮುರಿ ಹಿಡಿದು ಹರಟೆ ಹೊಡೆಯುವ ಜಾಗ ಅದು. ನಮ್ಮೂರ ಮನೆಗಳಲ್ಲಿ ಜಗಲಿ ಮಾಡುತ್ತಿದ್ದ ಕೆಲಸವೇ, ಅಲ್ವಾ? ಜಗಲಿ ಇರುವುದು ಮನೆಯ ಮುಂದೆ, ಹಿಂದೆ ಅಲ್ಲ ಅಂತ ನೀವು ಹೇಳಬಹುದು. ಅದಕ್ಕೇ ‘ಹಿಂ’ ಸೇರಿಸಿದ್ದು. ನಮ್ಮ ಕಡೆ ಗೋಡೆಗೆ ಒತ್ತಿ ಕಟ್ಟಿದ ಸಣ್ಣ ಜಗಲಿಗೆ ‘ಚಿಟ್ಟೆ’ ಅನ್ನುತ್ತಾರೆ. ಅಳತೆಯಲ್ಲಿ ಅದು ಇನ್ನೂ ಹತ್ತಿರ. ಆದರೆ ‘ದೋಣಿಯ ಚಿಟ್ಟೆಯನ್ನು ಗರಗಸದಿಂದ ಕೊಯ್ದೆ’ ಅಂತ ಬರೆದರೆ ಘಟ್ಟದ ಮೇಲಿನವರು ನನ್ನನ್ನು ಕಟುಕ ಅಂದುಕೊಂಡಾರು.

ಈ ಹಿಂಜಗಲಿ ಬೋಲ್ಟಿನಲ್ಲಿ ಕೂರುವುದು ದೋಣಿಯ ಹಿಂದಿನ ಚಪ್ಪಟೆ ಗೋಡೆಗೆ. ಇಂಗ್ಲಿಷಿನಲ್ಲಿ ಅದಕ್ಕೆ ಟ್ರಾನ್ಸಮ್ ಅನ್ನುತ್ತಾರೆ. ನಾನು ಚಿಕ್ಕವನಿದ್ದಾಗ ನೋಡಿದ ಪಾತಿ ದೋಣಿಗಳಿಗೆ ಎರಡು ತುದಿಯೂ ಚೂಪು, ಚಪ್ಪಟೆ ಗೋಡೆಯೇ ಇಲ್ಲ. ವಸ್ತುವೇ ಇಲ್ಲದ ಮೇಲೆ ಪದ ಎಲ್ಲಿಂದ ಬರಬೇಕು? ಮಲಯಾಳದಲ್ಲಿ ದೋಣಿಯ ಮುಂದಿನ ತುದಿಗೆ ಅಣಿಯಂ, ಹಿಂದಿನ ತುದಿಗೆ ಅಮರಂ ಅಂತ ಅಚ್ಚುಕಟ್ಟಾದ ಎರಡು ಪದ ಇವೆ. ಮಂಗಳೂರು, ಉಡುಪಿ, ಕಾರವಾರದ ಮೀನುಗಾರರ ಬಾಯಲ್ಲಿ ಇವುಗಳ ನೆಂಟರು ಯಾರಾದರೂ ಇದ್ದಾರಾ? ಬಲ್ಲವರು ಹೇಳಿ. ಸದ್ಯಕ್ಕೆ ನಾನು ‘ಬೆನ್ನುಹಲಗೆ’ ಅಂತ ಬರೆದುಕೊಂಡಿದ್ದೇನೆ. ಎರವಲು ಪದವಾದರೂ ನನ್ನ ತಕರಾರಿಲ್ಲ. ಚುಕ್ಕಾಣಿ ಅರಬ್ಬಿಯಿಂದ ಬಂದದ್ದು. ಲಂಗರು, ಬಂದರು ಪಾರ್ಸಿಯಿಂದ ಬಂದದ್ದು. ಸಮುದ್ರದ ಪದಗಳು ಯಾವಾಗಲೂ ದೋಣಿಯಲ್ಲೇ ಬಂದಿಳಿದಿವೆ.

ಇನ್ನು ಹಾಳಾದ ಕಥೆ. ಇದಕ್ಕೆ ಮಾತ್ರ ಕನ್ನಡದಲ್ಲಿ ಪದಗಳು ಬೇಕಾದಷ್ಟು ಸಿಕ್ಕವು. ಹಿಂಜಗಲಿಯ ಮೇಲೆ ಕೆಳಗೆ ಎರಡು ಫೈಬರ್‌ಗ್ಲಾಸ್ ಪದರ (ಗಾಜಿನ ನಾರಿನ ಬಟ್ಟೆಗೆ ಅಂಟು ಹಚ್ಚಿ ಗಟ್ಟಿ ಮಾಡಿದ್ದು), ನಡುವೆ ಮುಕ್ಕಾಲು ಇಂಚಿನ ಪ್ಲೈವುಡ್ಡು. ಏಣಿ ಕೂರಿಸಿದ ಸ್ಕ್ರೂ ತೂತಿನಿಂದ ಹನಿ ಹನಿಯಾಗಿ ನೀರು ಒಳಗೆ ಹೋಗಿದೆ. ಚಳಿಗಾಲದಲ್ಲಿ ಅದೇ ನೀರು ಮಂಜುಗಡ್ಡೆಯಾಗಿ ನೂರಕ್ಕೆ ಒಂಬತ್ತು ಪಾಲು ಹಿಗ್ಗಿ, ಪದರವನ್ನು ಮೇಲಕ್ಕೆ ಎತ್ತಿದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗಲ್ಲ, ಬಡಿದು ನೋಡಬೇಕು. ಸಣ್ಣ ಸುತ್ತಿಗೆಯ ಹಿಡಿಯಿಂದ ಒಂದು ತುದಿಯಿಂದ ತಟ್ಟುತ್ತಾ ಹೋದೆ. ಗಟ್ಟಿ ಇದ್ದ ಕಡೆ ‘ಟಕ್ ಟಕ್’. ಏಣಿಯ ಹತ್ತಿರ ಬಂದ ಹಾಗೆ ‘ದೊಬ್ ದೊಬ್’. ಪೆನ್ಸಿಲಿನಲ್ಲಿ ಗಡಿ ಗುರುತು ಮಾಡಿದೆ. ಅರ್ಧಕ್ಕಿಂತ ಜಾಸ್ತಿ ಜಾಗ ದೊಬ್ ಪಂಗಡಕ್ಕೇ ಸೇರಿತು. ಮೇಲಿನ ಪದರ ಕೊಯ್ದು ತೆಗೆದರೆ ಒಳಗೆ ಪ್ಲೈವುಡ್ಡು ನೆನೆಸಿಟ್ಟ ಕಾಫಿಪುಡಿಯ ಹಾಗೆ ಕಪ್ಪಗೆ ಕೈಗೆ ಬಂತು. ಚಮಚದಲ್ಲೇ ತೋಡಿ ತೆಗೆದೆ.

ಮರಕ್ಕೆ ಹೀಗಾದರೆ ನಮ್ಮ ಮನೆಯಲ್ಲಿ ‘ಕುಂಬು’ ಹಿಡಿದಿದೆ ಅನ್ನುತ್ತಿದ್ದರು. ‘ಲಡ್ಡಾಗಿದೆ’ ಅನ್ನುವುದೂ ಕೇಳಿದ್ದೇನೆ. ಈ ಎರಡರಲ್ಲಿ ಏನಾದರೂ ಭೇದ ಇದೆಯಾ? ನನ್ನ ಅಂದಾಜಿನಲ್ಲಿ ಕುಂಬು ಅಂದರೆ ನೀರು ತಾಗಿ ಕೊಳೆತದ್ದು. ಲಡ್ಡು ಅಂದರೆ ಹಳತಾಗಿ ಸತ್ವ ಹೋದದ್ದು, ಒದ್ದೆ ಇರಲೇಬೇಕು ಅಂತೇನಿಲ್ಲ. ಪದರ ಬಿಟ್ಟುಕೊಂಡು ಮೇಲೆದ್ದಿರುವುದಕ್ಕೆ ‘ಹಕ್ಕಳೆ ಎದ್ದಿದೆ’ ಅನ್ನೋಣ ಅಂದರೆ, ಹಕ್ಕಳೆ ಕಣ್ಣಿಗೆ ಕಾಣುತ್ತದೆ, ಸುಣ್ಣದ ಗೋಡೆಯಲ್ಲಿ ಕಾಣುವ ಹಾಗೆ. ಇದು ಕಿವಿಗೆ ಮಾತ್ರ ಗೊತ್ತಾಗುವ ರೋಗ. ಅದಕ್ಕೆ ‘ಟೊಳ್ಳು’ ಅಂತಲೇ ಬರೆದಿದ್ದೇನೆ.

ನಡುವಿನ ಪ್ಲೈವುಡ್ಡನ್ನು ಇಂಗ್ಲಿಷಿನಲ್ಲಿ ಕೋರ್ ಅನ್ನುತ್ತಾರೆ. ಸ್ನೇಹಿತರೊಬ್ಬರು ‘ತಿರುಳು’ ಅನ್ನಿ ಅಂದರು. ನನಗೆ ಒಪ್ಪಿಗೆ ಇಲ್ಲ. ಹಣ್ಣಿನ ತಿರುಳು ಹಣ್ಣಿನ ಜೊತೆಗೇ ಹುಟ್ಟುತ್ತದೆ, ಯಾರೂ ತಂದು ತುಂಬುವುದಿಲ್ಲ. ದೋಣಿಯಲ್ಲಿ ನಡುವಿನದನ್ನು ತಂದು ಇಡುತ್ತಾರೆ, ಕೆಟ್ಟರೆ ಬೇರೆ ಇಡುತ್ತಾರೆ. ಅದು ‘ಹೂರಣ’. ಮೇಲೆ ಕೆಳಗಿನ ಫೈಬರ್ ಪದರ ‘ಕಣಕ’. ಹೋಳಿಗೆ ಮಾಡಿ ಗೊತ್ತಿರುವವರಿಗೆ ಇಡೀ ರಚನೆ ಎರಡೇ ಪದದಲ್ಲಿ ಅರ್ಥವಾಗುತ್ತದೆ. ಹೊಸ ಹೂರಣಕ್ಕೆ ನಾನು ಪ್ಲೈವುಡ್ ಬಿಟ್ಟು ಪಿವಿಸಿ ಫೋಮ್ ಹಾಕಿದೆ. ಅದರ ಒಳಗಿನ ಸಣ್ಣ ಗುಳ್ಳೆಗಳು ಒಂದೊಂದೂ ಮುಚ್ಚಿಕೊಂಡಿರುವುದರಿಂದ ನೀರು ಹೀರುವುದಿಲ್ಲ. ಬೋಲ್ಟು ಬಿಗಿದರೆ ಮಾತ್ರ ನಜ್ಜುಗುಜ್ಜಾಗುತ್ತದೆ. ಬೋಲ್ಟು ಬರುವ ಕಡೆ ಫೋಮ್ ತೆಗೆದು, ಇಪಾಕ್ಸಿ ಅನ್ನುವ ಅಂಟಿಗೆ ಸಿಲಿಕಾ ಪುಡಿ ಕಲಸಿ, ಇಡ್ಲಿ ಹಿಟ್ಟಿಗಿಂತ ಗಟ್ಟಿಯಾದ ಹದದಲ್ಲಿ ತುಂಬಿದೆ. ‘ಹದ’ ಅನ್ನುವ ಪದ ಒಂದು ಇಲ್ಲದಿದ್ದರೆ ಈ ಲೇಖನ ಬರೆಯೋಕೆ ಆಗುತ್ತಲೇ ಇರಲಿಲ್ಲ.

ಈಗ ಹೆಪ್ಪಿನ ವಿಷಯಕ್ಕೆ ಬರುತ್ತೇನೆ. ಈ ಪತ್ರ ಬರೆಯೋಕೆ ನಿಜವಾದ ಕಾರಣ ಇದೇ.

ಈ ಕೆಲಸಕ್ಕೆ ರೆಸಿನ್ ಅನ್ನುವ ಅಂಟು ಬೇಕು, ನನ್ನ ಇಪಾಕ್ಸಿಯೂ ಅದರಲ್ಲೊಂದು ಬಗೆ. ಅದಕ್ಕೆ ಇನ್ನೊಂದು ದ್ರವ ಸೇರಿಸಿದರೆ ಗಟ್ಟಿಯಾಗುತ್ತದೆ. ನನ್ನ ತಲೆಯಲ್ಲಿ ಅದು ತಾನಾಗಿಯೇ ‘ಹೆಪ್ಪು’ ಅಂತ ಕೂತುಬಿಟ್ಟಿತು. ಹಾಲಿಗೆ ಹೆಪ್ಪು, ರೆಸಿನ್ನಿಗೆ ಹೆಪ್ಪು. ಎಷ್ಟು ಚೆನ್ನಾಗಿದೆ ಅಂತ ಖುಷಿಯಾಗಿದ್ದೆ. ಮಾರ್ಚಿಯಲ್ಲಿ ಒಂದು ದಿನ ಗರಾಜಿನಲ್ಲಿ ಚಳಿ ಜಾಸ್ತಿ ಇತ್ತು. ಊರಲ್ಲಿ ಚಳಿಗಾಲದಲ್ಲಿ ಮೊಸರು ಆಗದಿದ್ದರೆ ಅಮ್ಮ ಒಂದು ಚಮಚ ಹೆಪ್ಪು ಜಾಸ್ತಿ ಹಾಕುತ್ತಿದ್ದರು. ನಾನೂ ಯೋಚನೆ ಮಾಡದೆ ಇಪಾಕ್ಸಿಗೆ ಎರಡು ಪಾಲು ಜಾಸ್ತಿ ಸುರಿದೆ. ಮಾರನೇ ದಿನ ಮುಟ್ಟಿದರೆ ಅಂಟಂಟು. ಮೂರನೇ ದಿನವೂ ಅಂಟಂಟು. ಒಂದು ವಾರ ಬಿಟ್ಟು ಹೋಗಿ ನೋಡಿದರೂ ಹಲಸಿನ ಮೇಣದ ಹಾಗೆ ಬೆರಳಿಗೆ ಹಿಡಿಯುತ್ತಿತ್ತು. ಅಸಿಟೋನಿನಲ್ಲಿ ಒರೆಸಿ, ಕೆರೆದು, ಉಜ್ಜಿ ತೆಗೆಯೋಕೆ ಒಂದು ಶನಿವಾರ ಪೂರ್ತಿ ಹೋಯಿತು.

ತಪ್ಪು ಇಪಾಕ್ಸಿಯದ್ದಲ್ಲ, ನನ್ನ ಪದದ್ದು. ದೋಣಿ ಕೆಲಸದ ರೆಸಿನ್‌ನಲ್ಲಿ ಮುಖ್ಯವಾಗಿ ಎರಡು ಜಾತಿ ಇವೆ. ಪಾಲಿಯೆಸ್ಟರ್ ಜಾತಿಗೆ ನೂರಕ್ಕೆ ಒಂದೋ ಎರಡೋ ಪಾಲು ವೇಗವರ್ಧಕ ಹಾಕಿದರೆ ಸಾಕು, ಅದು ಇಡೀ ಡಬ್ಬಿಯನ್ನು ಗಟ್ಟಿ ಮಾಡುತ್ತದೆ. ಆ ಮಿತಿಯೊಳಗೆ, ಚಳಿಗೆ ಸ್ವಲ್ಪ ಜಾಸ್ತಿ, ಸೆಖೆಗೆ ಸ್ವಲ್ಪ ಕಮ್ಮಿ ಮಾಡಬಹುದು. ಅದು ಅಪ್ಪಟ ಹೆಪ್ಪು. ಇಪಾಕ್ಸಿ ಹಾಗಲ್ಲ. ನನ್ನದು ಐದು ಪಾಲಿಗೆ ಒಂದು ಪಾಲಿನ ಲೆಕ್ಕದ್ದು. ಸೇರಿಸುವ ದ್ರವ ಗಟ್ಟಿ ಮಾಡಿ ಪಕ್ಕಕ್ಕೆ ಸರಿಯುವುದಿಲ್ಲ, ತಾನೇ ಅಂಟಿನ ಭಾಗವಾಗುತ್ತದೆ. ಜಾಸ್ತಿ ಹಾಕಿದರೆ ಆ ಜಾಸ್ತಿಗೆ ಜೊತೆ ಸಿಗದೆ ಹಾಗೇ ಉಳಿಯುತ್ತದೆ. ಚಳಿ ಇದ್ದರೆ ಬೇಗ ಗಟ್ಟಿಯಾಗುವ ಬೇರೆ ಬಗೆಯದ್ದನ್ನು ತರಬೇಕು, ಇಲ್ಲ ಗರಾಜು ಬಿಸಿ ಮಾಡಬೇಕು. ಅಳತೆ ಮುಟ್ಟಬಾರದು. ಹೆಪ್ಪು ಅನ್ನುವ ಪದದ ಒಳಗೇ ‘ಕೈ ಅಂದಾಜಿಗೆ ಹಾಕು’ ಅನ್ನುವ ಸೂಚನೆ ಅಡಗಿದೆ. ಆ ಸೂಚನೆಯನ್ನು ನನ್ನ ಕೈ ಪಾಲಿಸಿತು.

ಹಾಗಾದರೆ ಇಪಾಕ್ಸಿಯದ್ದಕ್ಕೆ ಏನನ್ನೋಣ? ಮನೆಯಲ್ಲಿ ಎಂ-ಸೀಲ್ ಕಲಸುವಾಗಲೋ ಅರಾಲ್ಡೈಟ್ ಹಚ್ಚುವಾಗಲೋ ನಾವು ‘ಎರಡೂ ಸಮ ಸಮ ತಗೊಂಡು ಕಲಸು’ ಅನ್ನುತ್ತೇವೆ, ಹೆಸರು ಹೇಳುವ ಗೋಜಿಗೇ ಹೋಗುವುದಿಲ್ಲ. ‘ಜೊತೆರಸ’ ಅಂತ ಒಂದು ಪದ ಹೊಳೆದಿದೆ. ತೀರಾ ಕೃತಕ ಅನ್ನಿಸಿದರೆ ಮುಲಾಜಿಲ್ಲದೆ ಹೇಳಿ. ಮಲ್ಪೆ, ಗಂಗೊಳ್ಳಿ ಕಡೆ ಫೈಬರ್ ದೋಣಿ ರಿಪೇರಿ ಮಾಡುವವರ ಹತ್ತಿರ ಯಾರಾದರೂ ಕೇಳಿ ತಿಳಿಸಿದರೆ ಇನ್ನೂ ಒಳ್ಳೆಯದು. ದಿನಾ ಅದರಲ್ಲೇ ಕೈ ಅದ್ದುವವರ ಬಾಯಲ್ಲಿ ಏನಿದೆಯೋ ಅದೇ ನನಗೆ ಬೇಕು.

ಗಟ್ಟಿಯಾಗುವ ಕ್ರಿಯೆಗೂ ಇದೇ ಕಷ್ಟ. ‘ಒಣಗಿತು’ ಅಂದರೆ ತಪ್ಪು, ಅಲ್ಲಿ ಆರಿ ಹೋಗೋಕೆ ನೀರೇ ಇಲ್ಲ. ಇಂಗ್ಲಿಷಿನಲ್ಲಿ ಕ್ಯೂರ್ ಆಗುವುದು. ಕುಂದಾಪುರದ ಹತ್ತಿರ ಮನೆ ಕಟ್ಟಿಸುತ್ತಿರುವ ನಮ್ಮ ಭಾವನಿಗೆ ಫೋನಿನಲ್ಲಿ ‘ಭಾವ, ಇವತ್ತು ಕ್ಯೂರಿಂಗ್ ಆಗ್ತಾ ಇದೆ’ ಅಂದೆ. ಅವರು ಕಾಳಜಿಯಿಂದ ಕೇಳಿದರು: ‘ದಿನಕ್ಕೆ ಎಷ್ಟ್ ಸಲ ನೀರ್ ಹಾಕ್ತೆ ಮಾರಾಯ?’ ಗಾರೆ ಕೆಲಸದಲ್ಲಿ ಕ್ಯೂರಿಂಗ್ ಅಂದರೆ ಕಾಂಕ್ರೀಟಿಗೆ ನೀರು ಹೊಡೆಯುವುದೇ ತಾನೇ. ನನ್ನ ಇಪಾಕ್ಸಿಗೆ ಒಂದು ಹನಿ ನೀರು ಬಿದ್ದರೂ ಕೆಲಸ ಕೆಟ್ಟಿತು. ಒಂದೇ ಪದ, ಒಬ್ಬರಿಗೆ ನೀರು ಹಾಕು, ಇನ್ನೊಬ್ಬರಿಗೆ ನೀರು ತಾಗಿಸಬೇಡ. ‘ಬಲಿಯಿತು’ ಅಂದರೆ ಹೇಗೆ? ಕಾಯಿ ಬಲಿಯುವ ಹಾಗೆ ಇದೂ ಒಳಗಿನಿಂದ ನಿಧಾನಕ್ಕೆ ಬಲಿಯುತ್ತದೆ. ಉಗುರು ಊರಿದರೆ ಗುರುತು ಬೀಳುವಷ್ಟು ‘ಎಳೆ’ ಇದ್ದಾಗಲೇ ಮುಂದಿನ ಪದರ ಹಾಕಿಬಿಟ್ಟರೆ ಎರಡೂ ಒಂದಾಗುತ್ತವೆ. ಎಳೆ, ಬಲಿತ ಅನ್ನುವ ಜೋಡಿ ಇಲ್ಲಿ ಸೊಗಸಾಗಿ ಕೂರುತ್ತದೆ.

ಒಂದು ಕಡೆ ಮಾತ್ರ ಕನ್ನಡದ ನುಡಿಗಟ್ಟೇ ಕೈಪಿಡಿಗಿಂತ ಚೆನ್ನಾಗಿ ಕೆಲಸ ಮಾಡಿತು. ಗಾಜಿನ ನಾರಿನ ಬಟ್ಟೆ ಬೆಳ್ಳಗಿರುತ್ತದೆ. ಅಂಟು ಹಚ್ಚಿದಾಗ ಆ ಬಿಳಿ ಪೂರ್ತಿ ಹೋಗಿ ಕೆಳಗಿನದು ಕಾಣಬೇಕು. ಆದರೆ ಅಂಟು ಜಾಸ್ತಿಯಾಗಿ ನಿಂತರೆ ತೂಕ ಏರುತ್ತದೆ, ಅಂಟು ಪೆಡಸಾಗಿ ಬಿರುಕು ಬಿಡುತ್ತದೆ. ಗರಾಜಿನ ಗೋಡೆಯ ಮೇಲೆ ನಾನು ಬರೆದಿಟ್ಟುಕೊಂಡ ಸಾಲು: ‘ತೊಯ್ಯಬೇಕು, ತೊಪ್ಪೆ ಆಗಬಾರದು.’

ಚಾಚಿದ ವಿಷಯದಲ್ಲಿ ಒಂದು ಸಣ್ಣ ಅನುಮಾನ. ಹಳೇ ಅಂಚಿಗೆ ಹೊಸದನ್ನು ಸುಮ್ನೆ ಒತ್ತಿ ಅಂಟಿಸಿದರೆ ನಿಲ್ಲಲ್ಲ. ಹಳೇ ಪದರವನ್ನು ಅದರ ದಪ್ಪದ 12 ಪಟ್ಟು ದೂರದವರೆಗೆ ಓರೆಯಾಗಿ ಉಜ್ಜಬೇಕು. ಕಾಲು ಇಂಚು ದಪ್ಪ ಇದ್ದರೆ ಮೂರು ಇಂಚು ಓರೆ. ಆ ಓರೆಯ ಮೇಲೆ ಹೊಸ ಬಟ್ಟೆ ಮೆಟ್ಟಿಲು ಮೆಟ್ಟಿಲಾಗಿ ಕೂರುತ್ತದೆ. ಇದು ತೇಪೆ ಅಲ್ಲ, ಬೆಸುಗೆಯೂ ಅಲ್ಲ. ಬಡಗಿಗಳು ಎರಡು ಹಲಗೆಯನ್ನು ಓರೆ ಕೊಯ್ದು ಕೂಡಿಸುವುದಕ್ಕೆ ಏನನ್ನುತ್ತಾರೆ? ಇನ್ನೊಂದು: ಹೀಗೆ 12 ಇಂಚು ಚಾಚಿದ್ದರಿಂದ ಹಿಂಜಗಲಿಯ ಅಗಲ ಜಾಸ್ತಿಯಾಯಿತು, ಆದರೆ ದೋಣಿಯ ಉದ್ದ ಜಾಸ್ತಿಯಾಯಿತು. ‘ಉದ್ದ ಮಾಡಿದೆ’ ಅಂತ ಬರೆಯಲೋ, ‘ಅಗಲ ಮಾಡಿದೆ’ ಅಂತ ಬರೆಯಲೋ? ಸದ್ಯಕ್ಕೆ ‘ಚಾಚಿದೆ’ ಅಂತ ಬರೆದು ತಪ್ಪಿಸಿಕೊಂಡಿದ್ದೇನೆ.

‘ಕಟ್ಟಿದೆ’ ಅನ್ನುವ ಕ್ರಿಯಾಪದದ ಬಗ್ಗೆ ಯಾರಿಗೂ ಆಕ್ಷೇಪ ಇರಲಾರದು. ಪಡುವಣ ಕರಾವಳಿಯಲ್ಲಿ ಒಂದು ಕಾಲದಲ್ಲಿ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು, ನಿಜಕ್ಕೂ ಕಟ್ಟಿಯೇ ದೋಣಿ ಮಾಡುತ್ತಿದ್ದರು. ಈಗ ನಾರು ತೆಂಗಿನದ್ದಲ್ಲ, ಗಾಜಿನದ್ದು.

ಕೆರೆಯ ಮಂಜು ಕರಗಿದೆ. ಮುಂದಿನ ವಾರ ಬೋಲ್ಟು ಬಿಗಿಯುತ್ತೇನೆ. ಲೇಖನ ಕೊಡೋಕೆ ಇನ್ನೂ ಮೂರು ವಾರ ಇದೆ. ಹಿಂಜಗಲಿ, ಬೆನ್ನುಹಲಗೆ, ಹೂರಣ ಇವುಗಳ ಬಗ್ಗೆ ನಿಧಾನಕ್ಕೆ ಹೇಳಿದರೂ ನಡೆಯುತ್ತದೆ. ‘ಜೊತೆರಸ’ದ ಬಗ್ಗೆ ಮಾತ್ರ ಸ್ವಲ್ಪ ಬೇಗ ಹೇಳಿ. ಪಕ್ಕದ ಬೀದಿಯಲ್ಲಿರುವ ನಮ್ಮೂರ ಹುಡುಗನೊಬ್ಬ ತನ್ನ ದೋಣಿಗೂ ಇದೇ ಕೆಲಸ ಶುರು ಮಾಡಿದ್ದಾನೆ. ನಿನ್ನೆ ಸಂಜೆ ಫೋನ್ ಮಾಡಿ, ‘ಅಣ್ಣ, ಹೆಪ್ಪು ಎಷ್ಟು ಹಾಕಲಿ?’ ಅಂತ ಕೇಳಿದ.